ಒಂದೇ ಗೂಡಿನ ಎರಡು ಗಂಡುಗಳು

ಜಗಳಕ್ಕೆ ಮುಂಚೆ ಒಂದು ಕುಣಿತವಿರುತ್ತದೆ. ಗಂಡು ಗಿನಿಪಿಗ್ ತನ್ನ ಹಿಂಭಾಗವನ್ನು ಎಡಕ್ಕೂ ಬಲಕ್ಕೂ ತೂಗುತ್ತ, ಗಂಟಲೊಳಗೆ ಮಂದ್ರದಲ್ಲಿ ಗುರುಗುಟ್ಟುತ್ತ, ಇನ್ನೊಂದರ ಸುತ್ತ ನಿಧಾನವಾಗಿ ಹೆಜ್ಜೆ ಹಾಕುತ್ತದೆ. ಪ್ರಾಣಿವರ್ತನೆಯ ಸಂಶೋಧನಾ ಬರಹಗಳಲ್ಲಿ ಇದಕ್ಕೆ ‘ರುಂಬಾ’ ಎಂದೇ ಹೆಸರು. ಹೆಣ್ಣಿನೆದುರು ಇದು ಪ್ರಣಯ, ಗಂಡಿನೆದುರು ಸವಾಲು. ಎದುರಿನದು ಪಕ್ಕಕ್ಕೆ ಸರಿದರೆ ಅಲ್ಲಿಗೇ ಮುಗಿಯಿತು. ಸರಿಯದಿದ್ದರೆ ಹಲ್ಲು ಕಟಕಟಿಸುವ ಸದ್ದು ಬರುತ್ತದೆ, ಕತ್ತಿನ ಕೂದಲು ನಿಮಿರುತ್ತದೆ, ಆಕಳಿಸಿದ ಹಾಗೆ ಬಾಯಿ ಅಗಲಿಸಿ ಹಲ್ಲು ತೋರಿಸುವುದು ನಡೆಯುತ್ತದೆ. ಆಮೇಲೆ ಎರಡೂ ಒಂದರ ಮೇಲೊಂದು ಹಾರಿ ಒಂದೇ ಉಂಡೆಯಾಗಿ ಉರುಳುತ್ತವೆ. ಕೆಲವೇ ಕ್ಷಣಗಳಲ್ಲಿ ಒಂದರ ತುಟಿಯೋ ಕಿವಿಯೋ ಹರಿದಿರುತ್ತದೆ. ಬಿಡಿಸಲು ಕೈ ಹಾಕಿದವರ ಬೆರಳೂ ಹರಿದಿರಬಹುದು.

ನಿನ್ನೆಯವರೆಗೆ ಇವು ಒಂದೇ ಬಟ್ಟಲಿಗೆ ಮೂತಿಯಿಟ್ಟು ತಿನ್ನುತ್ತಿದ್ದವು, ಮೈಗೆ ಮೈ ತಾಗಿಸಿ ಮಲಗುತ್ತಿದ್ದವು. ಸಾಕಿದವರಿಗೆ ಇದು ಅರ್ಥವಾಗುವುದಿಲ್ಲ. ಅರ್ಥವಾಗದ್ದಕ್ಕೆ ನಮ್ಮಲ್ಲೊಂದು ಸಿದ್ಧ ಉತ್ತರವಿದೆ: ಹುಟ್ಟುಗುಣ ಸುಟ್ಟರೂ ಹೋಗದು. ಗಂಡುಗಳೆಂದರೆ ಹಾಗೆಯೇ, ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಯುವುದಿಲ್ಲ. ಉತ್ತರದ ಬೆನ್ನಿಗೇ ಪರಿಹಾರವೂ ಬರುತ್ತದೆ: ಬೇರೆ ಮಾಡಿ, ಒಂದೊಂದನ್ನು ಒಂದೊಂದು ಗೂಡಿಗೆ ಹಾಕಿ. ಈ ಉತ್ತರಕ್ಕೂ ಪರಿಹಾರಕ್ಕೂ ಒಂದು ಚರಿತ್ರೆಯಿದೆ. ಅದನ್ನು ಓದುತ್ತ ಹೋದಂತೆ ನನ್ನಲ್ಲಿ ಗಟ್ಟಿಯಾದ ಅನುಮಾನವೆಂದರೆ, ಎಷ್ಟೋ ಸಲ ಈ ಮದ್ದೇ ಕಾಯಿಲೆಯನ್ನು ಹುಟ್ಟಿಸಿದೆ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಈ ಪ್ರಾಣಿ ಗಿನಿ ದೇಶದ್ದಲ್ಲ, ಹಂದಿಯೂ ಅಲ್ಲ. ಕನ್ನಡದಲ್ಲಿ ಕೆಲವರು ಬರೆಯುವ ‘ಗಿನಿಹಂದಿ’ ಎರಡು ತಪ್ಪುಗಳನ್ನು ನಿಷ್ಠೆಯಿಂದ ಅನುವಾದಿಸಿದ ಪದ. ಫ್ರೆಂಚರಿಗೆ ಇದು ಇಂಡಿಯಾದ ಹಂದಿ, ಪೋರ್ಚುಗೀಸರಿಗೆ ಇಂಡಿಯಾದ ಪುಟ್ಟ ಹಂದಿ, ಜರ್ಮನರಿಗೆ ಕಡಲಿನ ಪುಟ್ಟ ಹಂದಿ. ಕೊಲಂಬಸ್ ದಾರಿ ತಪ್ಪಿದ್ದಕ್ಕೆ ನಮ್ಮ ದೇಶದ ಹೆಸರು ಇದರ ಬೆನ್ನಿಗೂ ಅಂಟಿಕೊಂಡಿದೆ. ಲಿನೇಯಸ್ 1758ರಲ್ಲಿ ಇಟ್ಟ ಲ್ಯಾಟಿನ್ ಹೆಸರಿನ ‘ಪೊರ್ಸೆಲಸ್’ ಎಂಬುದಕ್ಕೂ ಹಂದಿಮರಿ ಎಂದೇ ಅರ್ಥ. ಅದರ ತವರಾದ ಆಂಡೀಸ್ ಬೆಟ್ಟಗಳಲ್ಲಿ ಕೆಚುವಾ ಭಾಷೆಯ ಜನ ಮಾತ್ರ ಅದರ ಕೂಗನ್ನೇ ಹೆಸರು ಮಾಡಿದರು ಎನ್ನುತ್ತಾರೆ: ‘ಕುಯ್’. ನಮ್ಮ ಪೇಟೆಗಳಲ್ಲಿ ಎಲ್ಲರೂ ಗಿನಿಪಿಗ್ ಎನ್ನುವುದರಿಂದ ನಾನೂ ಹಾಗೇ ಬರೆಯುತ್ತೇನೆ.

ಈಗಿನ ಪೆರು, ಬೊಲಿವಿಯಾ, ಎಕ್ವಡಾರ್‌ಗಳ ಬೆಟ್ಟದ ಊರುಗಳಲ್ಲಿ ಕುಯ್ ಸಾವಿರಾರು ವರ್ಷಗಳಿಂದ ಮನೆಯ ಪ್ರಾಣಿ. ಮುದ್ದಿಗಲ್ಲ, ಮಾಂಸಕ್ಕೆ. ಹಬ್ಬದೂಟಕ್ಕೆ ಬೇಕು, ಕಾಯಿಲೆಯವರ ಮೈಮೇಲೆ ಆಡಿಸಿ ರೋಗ ಪತ್ತೆ ಮಾಡುವ ಮಾಂತ್ರಿಕ ವೈದ್ಯಕ್ಕೆ ಬೇಕು, ದೇವರಿಗೂ ಬೇಕು. ಪೆರುವಿನ ಟಾಂಬೊ ವಿಯೆಹೊ ಎಂಬಲ್ಲಿ ಉತ್ಖನನ ಮಾಡಿದವರಿಗೆ ಇಂಕಾ ಕಾಲದಲ್ಲಿ ಬಲಿಕೊಟ್ಟ ಗಿನಿಪಿಗ್‌ಗಳು ಸಿಕ್ಕಿವೆ. ಅವುಗಳಲ್ಲಿ ಕೆಲವಕ್ಕೆ ಬಣ್ಣದ ದಾರದ ಓಲೆ, ಕೊರಳಿಗೆ ಬಣ್ಣದ ದಾರದ ಸರ. ಕುಸ್ಕೊ ನಗರದ ಕ್ಯಾಥೆಡ್ರಲ್‌ನಲ್ಲಿ ಮಾರ್ಕೋಸ್ ಸಪಾಟಾ 18ನೆಯ ಶತಮಾನದಲ್ಲಿ ಬರೆದ ಕ್ರಿಸ್ತನ ಕೊನೆಯ ಭೋಜನದ ಚಿತ್ರವಿದೆ. ಮೇಜಿನ ನಡುವಿನ ತಟ್ಟೆಯಲ್ಲಿ ಕಾಲು ಮೇಲೆತ್ತಿ ಮಲಗಿರುವ ಹುರಿದ ಪ್ರಾಣಿಯನ್ನು ಊರಿನವರು ಕುಯ್ ಎಂದೇ ಗುರುತಿಸುತ್ತಾರೆ.

ಬೆಟ್ಟದ ಮನೆಗಳಲ್ಲಿ ಇವಕ್ಕೆ ಗೂಡಿರಲಿಲ್ಲ. ಅಡುಗೆಮನೆಯ ನೆಲವೇ ಗೂಡು, ಒಲೆಯ ಬದಿಯ ಬೆಚ್ಚನೆಯ ಮೂಲೆಯೇ ಹಾಸಿಗೆ, ತರಕಾರಿ ಸಿಪ್ಪೆಯೂ ಹಸಿ ಹುಲ್ಲೂ ಊಟ. ಎಡ್ಮುಂಡೊ ಮೊರಾಲೆಸ್ ಆಂಡೀಸಿನ ಗಿನಿಪಿಗ್ ಬಗ್ಗೆ 1995ರಲ್ಲಿ ಪ್ರಕಟಿಸಿದ ಪುಸ್ತಕ ಈ ಅಡುಗೆಮನೆಗಳ ಬದುಕನ್ನೇ ಹಿಡಿದುಕೊಡುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಅಲ್ಲಿನ ಕೂಡುಬಾಳ್ವೆ. ಮರಿ, ಮುದಿ, ಬಸುರಿ, ಹರೆಯದ ಗಂಡು ಎಲ್ಲವೂ ಒಂದೇ ನೆಲದಲ್ಲಿ. ಗಂಡುಮರಿಯೊಂದು ಕಣ್ಣುಬಿಟ್ಟುಕೊಂಡೇ ಹುಟ್ಟುತ್ತದೆ (ಇವು ಹುಟ್ಟುವಾಗಲೇ ಕೂದಲು, ಹಲ್ಲು, ತೆರೆದ ಕಣ್ಣು ಎಲ್ಲ ಪಡೆದಿರುತ್ತವೆ), ಮೊದಲ ದಿನದಿಂದಲೇ ದೊಡ್ಡ ಗಂಡುಗಳ ಕಾಲಡಿ ಓಡಾಡಿಕೊಂಡು ಬೆಳೆಯುತ್ತದೆ. ಹಾಗೆಂದು ಅಲ್ಲಿ ಜಗಳವಿರಲಿಲ್ಲ ಎಂದಲ್ಲ. ಇದ್ದ ಜಗಳಕ್ಕೆ ಒಂದು ಪರಿಹಾರವಿತ್ತು, ಅದು ಪಾತ್ರೆ. ಇಂದಿಗೂ ಪೆರುವಿನ ಕುಯ್ ಸಾಕಣೆಯಲ್ಲಿ ಸುಮಾರು ಏಳರಿಂದ ಹತ್ತು ಹೆಣ್ಣಿಗೆ ಒಂದು ಗಂಡು ಎಂಬ ಲೆಕ್ಕವಿದೆ. ಉಳಿದ ಗಂಡುಗಳು ಕೊಬ್ಬುವವರೆಗೆ ಇರುತ್ತವೆ, ಅಷ್ಟೆ. ಹೀಗೆ ಆರಿಸುವಾಗ ಕಾಟ ಕೊಡುವ ಗಂಡು ಮೊದಲು ಪಾತ್ರೆಗೆ ಹೋಗಿರಬೇಕು, ಮೆತ್ತನೆಯದು ತಳಿಗೆ ಉಳಿದಿರಬೇಕು ಎಂಬುದು ನನ್ನ ಊಹೆ. ಅದು ಬರೀ ಊಹೆಯಲ್ಲ ಎನ್ನಿಸುವ ಒಂದು ಸಂಗತಿಗೆ ಮುಂದೆ ಬರುತ್ತೇನೆ.

16ನೆಯ ಶತಮಾನದಲ್ಲಿ ಇವು ಹಡಗು ಹತ್ತಿ ಯುರೋಪಿಗೆ ಬಂದವು. ಸ್ವಿಸ್ ಪಂಡಿತ ಕಾನ್ರಾಡ್ ಗೆಸ್ನರ್ 1554ರಲ್ಲೇ ಇವನ್ನು ವರ್ಣಿಸಿದ್ದಾನೆ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿರುವ ಹಿಲ್ ಹಾಲ್ ಎಂಬ ಬಂಗಲೆಯ ಅಗೆತದಲ್ಲಿ ಅದೇ ಶತಮಾನದ ಗಿನಿಪಿಗ್ ಎಲುಬುಗಳು ಸಿಕ್ಕಿವೆ. ಮಾಂಸದ ಪ್ರಾಣಿ ಇಲ್ಲಿ ಶ್ರೀಮಂತರ ಆಟದ ಪ್ರಾಣಿಯಾಯಿತು. ಅಡುಗೆಮನೆಯ ನೆಲ ಹೋಗಿ ಪೆಟ್ಟಿಗೆ ಬಂತು, ಹಿಂಡು ಹೋಗಿ ಜೋಡಿ ಬಂತು.

ಗಂಡು ಗಿನಿಪಿಗ್‌ಗಳ ಜಗಳ ಗಟ್ಟಿಯಾಗಿ ಅಕ್ಷರಕ್ಕಿಳಿದದ್ದು ಫ್ರಾನ್ಸಿನ ಬುಫಾನ್ ಬರೆದ ಬೃಹತ್ ‘ನೈಸರ್ಗಿಕ ಚರಿತ್ರೆ’ಯಲ್ಲಿ. 1760ರ ಆಸುಪಾಸಿನಲ್ಲಿ ಹೊರಬಂದ ಸಂಪುಟದಲ್ಲಿ ಆತ ಗಿನಿಪಿಗ್‌ಗೆ ಕೆಲವು ಪುಟ ಕೊಟ್ಟಿದ್ದಾನೆ, ಕೊಟ್ಟ ಪುಟಗಳ ತುಂಬ ತಾತ್ಸಾರ ಸುರಿದಿದ್ದಾನೆ. ಅವನ ಮಾತಿನ ತಾತ್ಪರ್ಯ ಇಷ್ಟು: ಇವು ಸೌಮ್ಯ, ಆದರೆ ಆ ಸೌಮ್ಯತೆ ದೌರ್ಬಲ್ಯದಿಂದ ಬಂದದ್ದು, ಯಾರಿಗೂ ಅಂಟಿಕೊಳ್ಳುವುದಿಲ್ಲ, ತಿನ್ನುವುದು, ನಿದ್ದೆ, ಸಂಭೋಗ ಇಷ್ಟರಲ್ಲೇ ಬಾಳು, ಸಂತಾನಕ್ಕಾಗಿ ಕೀಲಿ ಕೊಟ್ಟಿಟ್ಟ ಯಂತ್ರಗಳ ಹಾಗೆ. ಸಿಟ್ಟು ಎಂಬುದು ಇವಕ್ಕೆ ಬರುವುದು ಹೆಣ್ಣಿನ ವಿಷಯದಲ್ಲಿ ಮಾತ್ರ, ಆಗ ಗಂಡುಗಳು ಕ್ರೂರವಾಗಿ ಕಾದಾಡುತ್ತವೆ, ಒಂದನ್ನೊಂದು ಕೊಲ್ಲುವುದೂ ಉಂಟು.

ಬುಫಾನ್ ಸುಳ್ಳು ಹೇಳಿದ ಎಂದು ನಾನು ಹೇಳುವುದಿಲ್ಲ. ಗೂಡಿನಲ್ಲಿ ಕಂಡದ್ದನ್ನೇ ಬರೆದಿರಬೇಕು. ಆದರೆ ಗೂಡನ್ನು ಬರೆಯಲಿಲ್ಲ. ಆ ಗಂಡುಗಳು ಎಲ್ಲಿ ಹುಟ್ಟಿದವು, ಯಾರ ನಡುವೆ ಬೆಳೆದವು, ಎಷ್ಟು ಅಗಲದ ಜಾಗದಲ್ಲಿ ಎದುರಾದವು ಎಂಬ ಪ್ರಶ್ನೆ ಅವನ ವರ್ಣನೆಯಲ್ಲಿ ಏಳುವುದೇ ಇಲ್ಲ. ‘ನೈಸರ್ಗಿಕ ಚರಿತ್ರೆ’ ಎಂಬ ಪದ ಚರಿತ್ರೆಯ ವಿದ್ಯಾರ್ಥಿಯಾದ ನನ್ನನ್ನು ಮೊದಲಿನಿಂದಲೂ ಕೆಣಕಿದೆ. ಹೆಸರಿನಲ್ಲಿ ಚರಿತ್ರೆಯಿದೆ, ಒಳಗೆ ಕಾಲವಿಲ್ಲ. ಒಂದು ಪ್ರಾಣಿ ‘ಹೀಗೆ’ ಎಂದು ಬರೆದರೆ ಮುಗಿಯಿತು; ಅದು ಹೀಗೆ ಆದದ್ದು ಹೇಗೆ ಎಂದು ಕೇಳುವ ಅಗತ್ಯವಿಲ್ಲ. ಗಂಡು ಗಿನಿಪಿಗ್‌ನ ಜಗಳ ಹುಟ್ಟುಗುಣದ ಪಟ್ಟಿಗೆ ಸೇರಿದ್ದು ಹೀಗೆ.

ಆ ಪಟ್ಟಿಯನ್ನು ಪ್ರಯೋಗಾಲಯ ಆನುವಂಶಿಕ ಆಸ್ತಿಯಂತೆ ಪಡೆಯಿತು. 1780ರ ದಶಕದ ಆರಂಭದಲ್ಲಿ ಲಾವೋಸಿಯೇ ಮತ್ತು ಲಾಪ್ಲಾಸ್ ಮಂಜುಗಡ್ಡೆ ಸುತ್ತಿದ ಪಾತ್ರೆಯೊಳಗೆ ಗಿನಿಪಿಗ್ ಕೂರಿಸಿ ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತೆಂದು ಅಳೆದರು. ನೂರು ವರ್ಷದ ಬಳಿಕ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಸಾಬೀತು ಮಾಡಿದ್ದೂ ಇವುಗಳ ಮೈಯಲ್ಲೇ. 1907ರಲ್ಲಿ ನಾರ್ವೆಯ ಇಬ್ಬರು ವಿಜ್ಞಾನಿಗಳು ಇವಕ್ಕೂ ನಮ್ಮ ಹಾಗೆ ಸ್ಕರ್ವಿ ಬರುತ್ತದೆಂದು ಕಂಡುಕೊಂಡರು. ಸಿ ಜೀವಸತ್ವದ ಕಥೆ ಶುರುವಾಗುವುದೇ ಅಲ್ಲಿಂದ. ನಮ್ಮ ಬೊಂಬಾಯಿಯಲ್ಲಿ ಪ್ಲೇಗ್ ತನಿಖೆ ನಡೆಸಿದ ವಿಜ್ಞಾನಿಗಳು ಕಳೆದ ಶತಮಾನದ ಮೊದಲ ದಶಕದಲ್ಲಿ ಪ್ಲೇಗ್ ಬಡಿದ ಮನೆಗಳೊಳಗೆ ಗಿನಿಪಿಗ್‌ಗಳನ್ನು ಓಡಾಡಲು ಬಿಟ್ಟು, ಅವುಗಳ ಮೈಗೆ ಹತ್ತಿದ ಇಲಿಚಿಗಟಗಳನ್ನು ಹೆಕ್ಕಿ ನೋಡಿದರು. ಇಂಗ್ಲಿಷಿನಲ್ಲಿ ಈ ಪ್ರಾಣಿಯ ಹೆಸರೇ ಗಾದೆಯಾಯಿತು. ಕನ್ನಡ ಅದನ್ನು ‘ಪ್ರಯೋಗಪಶು’ ಎಂದು ಮಾಡಿಕೊಂಡಿತು. ಅನುವಾದದಲ್ಲಿ ಪ್ರಾಣಿಯೇ ಮಾಯವಾಗಿ ಅದಕ್ಕಾದ ಗತಿ ಮಾತ್ರ ಉಳಿಯಿತು.

ಪ್ರಯೋಗಾಲಯಕ್ಕೆ ಬೇಕಾದದ್ದು ಗಾಯವಿಲ್ಲದ, ಒಂದರಂತೆ ಇನ್ನೊಂದಿರುವ ಪ್ರಾಣಿ. ಕಚ್ಚಿಸಿಕೊಂಡ ಗಂಡು ಲೆಕ್ಕ ಕೆಡಿಸುತ್ತದೆ. ಬೆಳೆದ ಗಂಡುಗಳನ್ನು ಒಂಟಿ ಗೂಡಿಗೆ ಹಾಕುವುದು ಸುಲಭದ ದಾರಿ. ಹೀಗೆ ಒಂಟಿಯಾಗಿ ಬೆಳೆದ ಗಂಡನ್ನು ಎಂದೋ ಒಂದು ದಿನ ಇನ್ನೊಂದರ ಜೊತೆ ಇಟ್ಟರೆ ಅದು ಮೇಲೆರಗುತ್ತದೆ. ನೋಡಿದಿರಾ, ಜಗಳಗಂಟಿ ಎಂದು ಮತ್ತೆ ಒಂಟಿ ಗೂಡಿಗೆ. ಮದ್ದು ಮತ್ತು ಕಾಯಿಲೆ ಒಂದರ ಬಾಲವನ್ನೊಂದು ಕಚ್ಚಿಕೊಂಡು ಸುತ್ತುತ್ತಿವೆ ಎಂಬುದು ಹೊರಗಿನಿಂದ ನೋಡಿದರೆ ಕಾಣುತ್ತದೆ. ಒಳಗಿದ್ದವರಿಗೆ ಬಹುಕಾಲ ಕಾಣಲಿಲ್ಲ.

ಮೊದಲ ಬಿರುಕು ಬಿದ್ದದ್ದು ಬೇರೊಂದು ಪ್ರಶ್ನೆ ಕೇಳುತ್ತಿದ್ದವರಿಂದ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಯಂಗ್ ಮತ್ತು ಸಂಗಡಿಗರು ಹಾರ್ಮೋನು ಮತ್ತು ಲೈಂಗಿಕ ವರ್ತನೆಯ ನಂಟನ್ನು ಗಿನಿಪಿಗ್‌ಗಳಲ್ಲಿ ಹುಡುಕುತ್ತಿದ್ದರು. ಗ್ರಂಟ್ ಮತ್ತು ಯಂಗ್ 1952ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವೂ ಸುಂದರವೂ ಆಗಿದೆ. ಗಂಡುಗಳನ್ನು ಅವುಗಳ ಲೈಂಗಿಕ ಚುರುಕಿನ ಮೇಲೆ ಹೆಚ್ಚು, ಮಧ್ಯಮ, ಕಡಿಮೆ ಎಂದು ವಿಂಗಡಿಸಿದರು. ಎಲ್ಲದರ ಬೀಜ ತೆಗೆದರು. ಎಲ್ಲದರ ಚುರುಕೂ ಇಳಿಯಿತು. ಆಮೇಲೆ ಎಲ್ಲಕ್ಕೂ ಒಂದೇ ಪ್ರಮಾಣದಲ್ಲಿ ಟೆಸ್ಟೋಸ್ಟೆರಾನ್ ಚುಚ್ಚಿದರು. ಹಾರ್ಮೋನೇ ಎಲ್ಲವೂ ಆಗಿದ್ದರೆ ಎಲ್ಲ ಗಂಡುಗಳೂ ಒಂದೇ ಮಟ್ಟಕ್ಕೆ ಬರಬೇಕಿತ್ತು. ಬರಲಿಲ್ಲ. ಪ್ರತಿಯೊಂದೂ ತನ್ನ ಹಳೆಯ ಮಟ್ಟಕ್ಕೇ ಮರಳಿತು. ಅದೇ ತಂಡದ ವ್ಯಾಲೆನ್‌ಸ್ಟೈನ್, ರಿಸ್, ಯಂಗ್ 1955ರಲ್ಲಿ ಇನ್ನೊಂದು ತುದಿ ಹಿಡಿದರು: ಎಳವೆಯಲ್ಲೇ ಒಂಟಿಯಾಗಿ ಬೆಳೆಸಿದ ಗಂಡುಗಳಿಗೆ, ಮೈಯಲ್ಲಿ ಯಾವ ಕೊರತೆಯೂ ಇಲ್ಲದಿದ್ದರೂ, ಹೆಣ್ಣಿನೊಡನೆ ಸರಿಯಾಗಿ ಕೂಡಲು ಬರುತ್ತಿರಲಿಲ್ಲ. ಜೊತೆಯವರಿಂದ ಕಲಿಯಬೇಕಾದದ್ದು ಏನೋ ಇತ್ತು. ಇವು ಜಗಳದ ಬಗ್ಗೆ ಮಾಡಿದ ಪ್ರಯೋಗಗಳಲ್ಲ. ಆದರೆ ‘ಗಂಡು’ ಎಂಬುದು ರಕ್ತದಲ್ಲಿ ಹರಿಯುವ ಒಂದು ದ್ರವ ಮಾತ್ರವಲ್ಲ ಎಂಬ ಮಾತು ಅಲ್ಲಿಂದ ಶುರುವಾಯಿತು.

ಇದೇ ಕಾಲಕ್ಕೆ ಕೆಲವರು ಗೂಡಿನಾಚೆಗೆ ನೋಡತೊಡಗಿದರು. ಜಾನ್ ಕಿಂಗ್ 1956ರಲ್ಲಿ ಬಯಲಿನ ಆವರಣದಲ್ಲಿ ಬಿಟ್ಟ ಸಾಕು ಗಿನಿಪಿಗ್‌ಗಳ ಸಂಬಂಧಗಳನ್ನು ಬರೆದ. ಜಾನ್ ರೂಡ್ ಅರ್ಜೆಂಟೀನಾದ ಹುಲ್ಲುಗಾವಲಿನಲ್ಲಿ ಕಾಡಿನ ಸೋದರರನ್ನು ಗಮನಿಸಿ 1972ರಲ್ಲಿ ಪ್ರಕಟಿಸಿದ. ಈ ಎರಡನೆಯದನ್ನು ಓದಿದರೆ ಬುಫಾನ್ ಪರವಾಗಿಯೇ ಸಾಕ್ಷಿ ಸಿಕ್ಕಂತೆ ಅನ್ನಿಸುತ್ತದೆ: ಕಾಡಿನ ಗಂಡುಗಳು ಇನ್ನೊಂದು ಬೆಳೆದ ಗಂಡನ್ನು ಸಹಿಸುವುದಿಲ್ಲ. ಹಾಗಾದರೆ ಹುಟ್ಟುಗುಣವೇ ಸರಿಯೆ?

ಅದಕ್ಕೆ ಉತ್ತರವಾಗಿ ಬಂದದ್ದು ನಾರ್ಬರ್ಟ್ ಜಾಕ್ಸರ್ ಅವರ ಕೆಲಸ. ಮೊದಲು ಬೈರಾಯ್ಟ್, ಆಮೇಲೆ ಮ್ಯೂನ್‌ಸ್ಟರ್, ಜರ್ಮನಿಯ ಎರಡು ವಿಶ್ವವಿದ್ಯಾಲಯಗಳಲ್ಲಿ ಅವರು ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಮಾಡಿದ್ದು, ಒಂದರ್ಥದಲ್ಲಿ, ಆಂಡೀಸಿನ ಅಡುಗೆಮನೆಯನ್ನು ಮತ್ತೆ ಕಟ್ಟಿದ್ದು. ದೊಡ್ಡ ಆವರಣ, ಗಂಡು ಹೆಣ್ಣು ಮರಿಗಳು ಎಲ್ಲ ಒಟ್ಟಿಗೆ, ಸಂಖ್ಯೆ ತಾನಾಗಿ ಹೆಚ್ಚಲು ಬಿಟ್ಟು ನೋಡುವುದು. ಕಡಿಮೆ ಪ್ರಾಣಿಗಳಿದ್ದಾಗ ಗಂಡುಗಳ ನಡುವೆ ಮೆಟ್ಟಿಲಿನಂಥ ಯಜಮಾನಿಕೆ ಇತ್ತು, ಒಂದು ಮೇಲೆ, ಒಂದು ಅದರ ಕೆಳಗೆ. ಜಾಗ ಕಿಕ್ಕಿರಿದಂತೆ ಜಗಳ ಹೆಚ್ಚುತ್ತದೆ ಎಂದು ನಾವು ನೀವು ಎಣಿಸುತ್ತೇವಲ್ಲ, ಹಾಗಾಗಲಿಲ್ಲ. ಹಿಂಡು ಒಳಗೊಳಗೇ ಸಣ್ಣ ಸಣ್ಣ ಬಳಗಗಳಾಗಿ ಒಡೆಯಿತು. ಪ್ರತಿ ಬಳಗಕ್ಕೆ ಒಬ್ಬ ಯಜಮಾನ ಗಂಡು, ಅವನ ಕೆಲವು ಹೆಣ್ಣುಗಳು, ಕೆಲವು ಕಿರಿಯ ಗಂಡುಗಳು, ಮಲಗಲು ತಮ್ಮದೇ ಒಂದು ಜಾಗ. ಒಬ್ಬ ಯಜಮಾನ ಇನ್ನೊಬ್ಬನ ಬಳಗದ ಹೆಣ್ಣನ್ನು ಕೆಣಕುತ್ತಿರಲಿಲ್ಲ. ರಕ್ತ ಹರಿಯುವ ಕಾದಾಟ ಅಪರೂಪವಾಗಿತ್ತು, ಕೆಳಗಿನ ಮೆಟ್ಟಿಲಿನವರ ರಕ್ತದಲ್ಲೂ ಒತ್ತಡದ ಹಾರ್ಮೋನು ಏರಿರಲಿಲ್ಲ.

ಆಮೇಲಿನ ಪ್ರಯೋಗ ನನ್ನ ಪಾಲಿಗೆ ಈ ಇಡೀ ಚರಿತ್ರೆಯ ತಿರುವು. 1991ರಲ್ಲಿ ಜಾಕ್ಸರ್ ಮತ್ತು ಲಿಕ್ ಪ್ರಕಟಿಸಿದ್ದು. ಹಿಂಡಿನಲ್ಲಿ ಬೆಳೆದ ಎರಡು ಅಪರಿಚಿತ ಗಂಡುಗಳನ್ನು ಒಂದು ಹೊಸ ಜಾಗದಲ್ಲಿ, ಒಂದು ಅಪರಿಚಿತ ಹೆಣ್ಣಿನ ಜೊತೆ ಇಟ್ಟರು. ಇದಕ್ಕಿಂತ ದೊಡ್ಡ ಕಿಡಿ ಬೇಕೆ? ಆದರೂ ಅವೆರಡೂ ಯಾರು ಮೇಲು ಯಾರು ಕೆಳಗು ಎಂಬುದನ್ನು ಬೇಗ ತೀರ್ಮಾನಿಸಿಕೊಂಡವು, ಕಚ್ಚಾಟವಿಲ್ಲದೆ. ಸೋತದ್ದರ ರಕ್ತದಲ್ಲೂ ಒತ್ತಡದ ಗುರುತಿರಲಿಲ್ಲ. ಅದೇ ಪರೀಕ್ಷೆಗೆ ಒಂಟಿಯಾಗಿ ಬೆಳೆದ ಗಂಡುಗಳನ್ನು ಒಡ್ಡಿದಾಗ ಮೇಲಿಂದ ಮೇಲೆ ಕಾದಾಟ, ಸೋತದ್ದರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಭಾರೀ ಏರಿಕೆ. ಪರಕೀಯ ಹಿಂಡಿಗೆ ಒಂದೊಂದೇ ಗಂಡನ್ನು ಬಿಟ್ಟು ನೋಡಿದ ಪ್ರಯೋಗಗಳೂ ಇದನ್ನೇ ಹೇಳಿದವು. ಹಿಂಡಿನಲ್ಲಿ ಬೆಳೆದದ್ದು ಹೊಸ ಊರಿಗೆ ಬಂದ ಬುದ್ಧಿವಂತ ಅಳಿಯನ ಹಾಗೆ ಮೊದಮೊದಲು ಮೂಲೆ ಹಿಡಿದು ಕೂರುತ್ತದೆ, ಯಾರ ಹೆಣ್ಣಿನ ತಂಟೆಗೂ ಹೋಗುವುದಿಲ್ಲ, ದಿನ ಕಳೆದಂತೆ ತನ್ನ ಜಾಗ ಮಾಡಿಕೊಳ್ಳುತ್ತದೆ. ಒಂಟಿಯಾಗಿ ಬೆಳೆದದ್ದು ಹೋದ ಕ್ಷಣವೇ ಸಿಕ್ಕ ಸಿಕ್ಕ ಹೆಣ್ಣಿನ ಎದುರು ರುಂಬಾ ಶುರುಮಾಡುತ್ತದೆ, ಯಜಮಾನರ ಕೈಲಿ ಕಚ್ಚಿಸಿಕೊಳ್ಳುತ್ತದೆ, ಆದರೂ ಬಗ್ಗುವುದಿಲ್ಲ, ತೂಕ ಕಳೆದುಕೊಂಡು ಕುಗ್ಗುತ್ತದೆ.

ಬಗ್ಗುವುದಿಲ್ಲ ಎಂದೆ. ಬಗ್ಗಲು ಬರುವುದಿಲ್ಲ ಎನ್ನಬೇಕು. ಪ್ರಾಯಕ್ಕೆ ಬರುವ ಹೊತ್ತಿನಲ್ಲಿ ಹಿಂಡಿನ ಎಳೆಯ ಗಂಡು ಹಿರಿಯ ಗಂಡುಗಳಿಂದ ಅಟ್ಟಿಸಿಕೊಳ್ಳುತ್ತದೆ, ಗದರಿಸಿಕೊಳ್ಳುತ್ತದೆ. ಯಾವಾಗ ಸರಿಯಬೇಕು, ಯಾವಾಗ ಸುಮ್ಮನಿರಬೇಕು, ಯಾವ ಸದ್ದಿಗೆ ಯಾವ ಅರ್ಥ ಎಂಬುದನ್ನು ಅದು ಕಲಿಯುವುದು ಆ ತಿಂಗಳುಗಳಲ್ಲಿ. ಆ ತಿಂಗಳುಗಳನ್ನು ಒಂಟಿ ಗೂಡಿನಲ್ಲಿ ಕಳೆದದ್ದಕ್ಕೆ ಪಾಠವೇ ಆಗಿಲ್ಲ. ಒಂದೇ ಹೆಣ್ಣಿನ ಜೊತೆ ಬೆಳೆದರೂ ಸಾಲದು. ಬೇಕಾದದ್ದು ಹಿರಿಯ ಗಂಡು. ನೂರಾರು ವರ್ಷ ಜಗಳ ತಪ್ಪಿಸಲೆಂದು ನಾವು ಮಾಡಿದ್ದು, ಜಗಳ ತಪ್ಪಿಸುವುದನ್ನು ಕಲಿಸುವ ಗುರುವನ್ನು ದೂರ ಇಟ್ಟದ್ದು.

ಹಾಗೆಂದು ಎಲ್ಲವನ್ನೂ ಬೆಳೆಸುವಿಕೆಯ ತಲೆಗೆ ಕಟ್ಟಲು ಬರುವುದಿಲ್ಲ, ಅದಕ್ಕೂ ಮ್ಯೂನ್‌ಸ್ಟರ್‌ನವರೇ ಅಡ್ಡ ನಿಂತಿದ್ದಾರೆ. ಕಾಡಿನ ಜಾತಿಯನ್ನೂ ಅವರು ಪಕ್ಕದಲ್ಲೇ ಸಾಕಿದರು. ಕ್ಯೂನ್‌ಜ್ಲ್ ಮತ್ತು ಜಾಕ್ಸರ್ 1999ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಸಾಕು ಗಿನಿಪಿಗ್ ಕಾಡಿನದಕ್ಕಿಂತ ಕಡಿಮೆ ಜಗಳವಾಡುತ್ತದೆ, ಹೆಚ್ಚು ಮೈ ತಾಗಿಸಿ ಕೂರುತ್ತದೆ, ಹೊಸದಕ್ಕೆ ಕಡಿಮೆ ಬೆಚ್ಚುತ್ತದೆ. ಸೋಜಿಗವೆಂದರೆ ಸಾಕು ಗಂಡಿನ ಟೆಸ್ಟೋಸ್ಟೆರಾನ್ ಕಾಡಿನ ಗಂಡಿಗಿಂತ ಹೆಚ್ಚು! ಗಂಡಸುತನದ ಹಾರ್ಮೋನು ಜಾಸ್ತಿ, ಜಗಳ ಕಡಿಮೆ. ಮುಂದೆ 2003ರಲ್ಲಿ ಅವರು ಇನ್ನೊಂದು ಹೋಲಿಕೆ ಪ್ರಕಟಿಸಿದರು: ಗೂಡಿನಲ್ಲೇ ಸುಮಾರು 30 ತಲೆಮಾರು ಕಳೆದ ಕಾಡುಜಾತಿಯೂ, ಕಾಡಿನಿಂದ ತಂದವುಗಳ ಮೊದಲ ಮರಿಗಳೂ ವರ್ತನೆಯಲ್ಲಿ ಬೇರೆಯಾಗಿರಲಿಲ್ಲ. ಅಂದರೆ ಗೂಡಿನಲ್ಲಿ ಇಟ್ಟ ಮಾತ್ರಕ್ಕೆ ಕಾಡು ಇಳಿಯುವುದಿಲ್ಲ. ಅಡುಗೆಮನೆಯ ಹೆಂಗಸರು ಸಾವಿರಾರು ವರ್ಷ ಇದನ್ನು ಉಳಿಸಿ ಅದನ್ನು ಬೇಯಿಸಿ ಆರಿಸಿದ್ದಕ್ಕೆ ಬೆಲೆಯಿದೆ. ನನ್ನ ಊಹೆಗೆ ಆಧಾರ ಎಂದದ್ದು ಇದನ್ನೇ. ಒಟ್ಟಿನಲ್ಲಿ ಎರಡು ಗಂಡು ಒಂದೇ ಗೂಡಿನಲ್ಲಿ ಬಾಳುವ ಸಾಧ್ಯತೆ ಈ ಪ್ರಾಣಿಯ ರಕ್ತದಲ್ಲೇ ಇದೆ. ಅದು ಫಲಿಸಬೇಕಾದರೆ ಪಾಠ ಬೇಕು.

ಈಗ ನಮ್ಮ ಮನೆಗಳಿಗೆ ಬರೋಣ. ಬೆಂಗಳೂರಿನ ಸಾಕುಪ್ರಾಣಿ ಅಂಗಡಿಗಳಲ್ಲಿ ಗಿನಿಪಿಗ್ ಸಿಗುತ್ತದೆ, ಅಪಾರ್ಟ್‌ಮೆಂಟಿಗೆ ನಾಯಿ ತರಲಾಗದವರು ಮಕ್ಕಳ ಹಟಕ್ಕೆ ಜೋಡಿ ತರುತ್ತಾರೆ. ಹೆಣ್ಣು ಗಂಡು ಒಟ್ಟಿಗೆ ಬೇಡವೆಂದು ಎರಡು ಗಂಡು. ಗಂಡುಮರಿಗಳನ್ನು ಸುಮಾರು ಮೂರು ವಾರಕ್ಕೆ ತಾಯಿಯಿಂದ ಬೇರೆ ಮಾಡುತ್ತಾರೆ, ಇಲ್ಲದಿದ್ದರೆ ಬೇಗನೆ ತಾಯಿಯನ್ನೇ ಬಸುರಿ ಮಾಡಿಬಿಡುತ್ತವೆ. ಅಲ್ಲಿಂದ ಮುಂದೆ ಒಂದೇ ವಯಸ್ಸಿನ ಎರಡು ಪೋರರು, ಹಿರಿಯರಿಲ್ಲದ ಗೂಡು. ನಮ್ಮಕ್ಕನ ಮನೆಯಲ್ಲಿ ಆದದ್ದೂ ಇದೇ. ಆರನೆಯ ತಿಂಗಳಿಗೆ ಕಾದಾಟ ಶುರುವಾಗಿ ರಾತ್ರಿ ಹನ್ನೊಂದಕ್ಕೆ ಫೋನು ಬಂತು. “ನೀನು ಇವುಗಳ ಮೇಲೇ ಪಿಎಚ್‌ಡಿ ಮಾಡ್ತಿದೀಯಲ್ಲೇ, ಹೇಳು ಏನ್ ಮಾಡ್ಲಿ?” ನಾನು ಮಾಡುತ್ತಿರುವುದು ಪ್ರಯೋಗಾಲಯದ ಪ್ರಾಣಿಗಳ ಚರಿತ್ರೆ ಎಂದರೆ ಅಕ್ಕನಿಗೆ ಅದರಿಂದೇನು. ಹಿಂದಿನಿಂದ ಅಪ್ಪನ ದನಿ: “ಹೋರಿಗೆ ಬೀಜ ಒಡೆಸ್ತಾರಲ್ಲ, ಹಾಗೆ ಇವಕ್ಕೂ ಮಾಡಿಸಿದ್ರೆ ಆಯ್ತು.”

ಓದಿದ್ದರಿಂದ ಹೇಳಬಹುದಾದದ್ದನ್ನು ಹೇಳಿದೆ. ಉರುಳಾಡುತ್ತಿರುವಾಗ ಬರಿಗೈ ಹಾಕಬಾರದು. ದಪ್ಪ ಟವೆಲ್ ಮೇಲೆ ಹಾಕಿ, ಇಲ್ಲವೇ ನಡುವೆ ಮೊರವನ್ನೋ ರಟ್ಟನ್ನೋ ತೂರಿಸಿ ಬಿಡಿಸಬೇಕು. ರಕ್ತ ಬಂದಿದ್ದರೆ ಅವತ್ತಿಗೆ ಬೇರೆ ಇಡಲೇಬೇಕು, ಗಾಯವನ್ನು ಪಶುವೈದ್ಯರಿಗೆ ತೋರಿಸಲೇಬೇಕು, ಇವುಗಳ ಕಚ್ಚಿದ ಗಾಯ ಮೇಲೆ ಮುಚ್ಚಿ ಒಳಗೆ ಕೀವು ಕಟ್ಟುತ್ತದೆ. ಆದರೆ ಬೇರೆ ಇಡುವುದೆಂದರೆ ಬೇರೆ ಕೋಣೆಗೆ ಒಯ್ಯುವುದಲ್ಲ. ನಡುವೆ ತಂತಿಬಲೆ, ಎರಡು ಕಡೆ ಎರಡು. ವಾಸನೆ, ಸದ್ದು, ಮುಖ ಯಾವುದೂ ತಪ್ಪಬಾರದು. ತಪ್ಪಿದರೆ ಮತ್ತೆ ಸೇರುವಾಗ ಇಬ್ಬರು ಅಪರಿಚಿತರು. ವೈದ್ಯರ ಬಳಿ ಒಂದನ್ನೇ ಒಯ್ದು ತಂದ ದಿನ ಕಾದಾಟವಾಗುವುದೂ ಇದಕ್ಕೇ, ಹೋದದ್ದು ಬೇರೆ ವಾಸನೆ ಹೊತ್ತು ಬರುತ್ತದೆ. ಇಬ್ಬರನ್ನೂ ಒಟ್ಟಿಗೆ ಒಯ್ಯುವುದು ಲೇಸು.

ಮತ್ತೆ ಸೇರಿಸುವುದು ಇಬ್ಬರದೂ ಅಲ್ಲದ ಜಾಗದಲ್ಲಿ. ತೊಳೆದ ನೆಲ, ಸಾಕಷ್ಟು ಅಗಲ, ಎರಡು ರಾಶಿ ಹುಲ್ಲು, ಒಂದೇ ಬಾಗಿಲಿನ ಗೂಡು ಯಾವುದೂ ಬೇಡ (ಮೂಲೆಗೆ ಸಿಕ್ಕಿಬಿದ್ದದ್ದು ಓಡಲಾಗದೆ ಕಚ್ಚುತ್ತದೆ). ನೀರಿನ ಬಾಟಲಿ ಎರಡು, ಬಟ್ಟಲು ಎರಡು, ಮಲಗುವ ಮನೆ ಎರಡು, ಪ್ರತಿ ಮನೆಗೆ ಎರಡು ಬಾಗಿಲು. ಹೆಣ್ಣು ಗಿನಿಪಿಗ್ ಆ ಕೋಣೆಯಲ್ಲೇ ಇರಬಾರದು, ಅದನ್ನು ಮುಟ್ಟಿದ ಕೈಯನ್ನೂ ತೊಳೆದಿರಬೇಕು. ಇಬ್ಬರನ್ನೂ ಒಂದೇ ಬಕೆಟ್ಟಿನಲ್ಲಿ ಸ್ನಾನ ಮಾಡಿಸಿದರೆ ಒಂದಾಗುತ್ತವೆ ಎಂಬ ಸಲಹೆ ಅಕ್ಕನಿಗೆ ಯಾರೋ ಕೊಟ್ಟಿದ್ದರು. ನನಗದು ಹಿಡಿಸುವುದಿಲ್ಲ. ಒದ್ದೆಯಾಗಿ ಹೆದರಿದ ಪ್ರಾಣಿಗಳು ಸುಮ್ಮನಿರುವುದು ರಾಜಿಯಾದದ್ದಕ್ಕಲ್ಲ.

ಎಲ್ಲಕ್ಕಿಂತ ಕಷ್ಟದ ಮಾತು ಆಮೇಲಿನದು. ರುಂಬಾ ಶುರುವಾದಾಗ, ಒಂದರ ಬೆನ್ನನ್ನೊಂದು ಹತ್ತಿದಾಗ, ಹಲ್ಲು ಕಟಕಟಿಸಿದಾಗ ನಾವು ಕೈಕಟ್ಟಿ ಕೂರಬೇಕು. ಅವು ಆಗ ಮಾತಾಡಿಕೊಳ್ಳುತ್ತಿವೆ. ಪ್ರತಿ ಗುರುಗುಟ್ಟಿಗೂ ಎತ್ತಿ ಬೇರೆ ಮಾಡಿದರೆ ಪಾಠ ಅರ್ಧಕ್ಕೇ ನಿಲ್ಲುತ್ತದೆ, ಮರುದಿನ ಮೊದಲ ಅಕ್ಷರದಿಂದ ಶುರು. ಗಾಳಿಗೆ ಹಾರಿ ಕಚ್ಚಲು ಹೋದರೆ ಮಾತ್ರ ಟವೆಲ್. ಅಕ್ಕನ ಮಗನಿಗೆ ಎಂಟು ವರ್ಷ, ಈ ಕಟಕಟ ಕೇಳಿಕೊಂಡು ಸುಮ್ಮನೆ ಕೂರುವುದು ಅವನಿಗೆ ಸಾಧ್ಯವೇ ಆಗಲಿಲ್ಲ, ಅವನನ್ನು ಅಜ್ಜಿಯ ಜೊತೆ ಪಾರ್ಕಿಗೆ ಕಳಿಸಿದರು. ಮೂರು ತಿಂಗಳಿಂದ ಹದಿನಾಲ್ಕು ತಿಂಗಳವರೆಗಿನ ಹರೆಯ ಮುಗಿದ ಮೇಲೆ ಹೆಚ್ಚಿನ ಜೋಡಿಗಳು ತಣ್ಣಗಾಗುತ್ತವೆ. ಕೆಲವು ಆಗುವುದೇ ಇಲ್ಲ. ಮತ್ತೆ ಮತ್ತೆ ರಕ್ತ ಬಂದರೆ ತಂತಿಬಲೆಯ ಎರಡು ಬದಿಯಲ್ಲೇ ಅವುಗಳ ಆಯುಷ್ಯ ಕಳೆಯಬೇಕು. ಅಕ್ಕನ ಜೋಡಿ ಈಗ ದಿನಕ್ಕೆ ಎರಡು ಗಂಟೆ ಒಟ್ಟಿಗೆ, ಉಳಿದ ಹೊತ್ತು ಬಲೆಯ ಆಚೀಚೆ ಬೆನ್ನಿಗೆ ಬೆನ್ನು ತಾಗಿಸಿ ಮಲಗುತ್ತವಂತೆ.

ಅಪ್ಪನ ಸಲಹೆಗೆ ಉತ್ತರ ಕ್ಯಾನ್ಸಸ್‌ನಲ್ಲೂ ಮ್ಯೂನ್‌ಸ್ಟರ್‌ನಲ್ಲೂ ಅರ್ಧರ್ಧ ಇದೆ. ಬೀಜ ತೆಗೆಸಿದರೆ ಗಂಡನ್ನು ಹೆಣ್ಣಿನ ಜೊತೆ ಮರಿಗಳ ಭಯವಿಲ್ಲದೆ ಇಡಬಹುದು, ಅದೂ ಕೆಲವು ವಾರ ಕಾದು. ಎರಡು ಗಂಡುಗಳ ನಡುವಿನ ಜಗಳ ಅದರಿಂದ ನಿಲ್ಲುತ್ತದೆಂಬ ಭರವಸೆಯಿಲ್ಲ. ಕಲಿಯದ್ದನ್ನು ಕತ್ತರಿ ಕಲಿಸುವುದಿಲ್ಲ ಎಂದೆ. ಅಪ್ಪ ಒಪ್ಪಲಿಲ್ಲ. ಅವರು ಹೋರಿಗಳನ್ನು ನೋಡಿ ಬೆಳೆದವರು, ನಾನು ಪುಸ್ತಕ ನೋಡಿದವಳು.

ಪ್ರಾಣಿ ಒಂಟಿಯಾಗಿರಬಾರದು ಎಂಬುದು ಒಂದು ದೇಶದಲ್ಲಿ ಕಾನೂನೇ ಆಗಿದೆ. ಸ್ವಿಟ್ಜರ್‌ಲೆಂಡಿನ 2008ರ ಪ್ರಾಣಿರಕ್ಷಣಾ ನಿಯಮದಂತೆ ಗಿನಿಪಿಗ್‌ನಂಥ ಕೂಡುಬಾಳ್ವೆಯ ಪ್ರಾಣಿಗೆ ತನ್ನ ಜಾತಿಯ ಜೊತೆ ಇರಲೇಬೇಕು. ಗೆಸ್ನರ್‌ನ ನಾಡಿನಲ್ಲಿ ಹೀಗಾದದ್ದು ನನಗೆ ಇಷ್ಟ. ಆದರೆ ನಿಯಮ ಒಂದು ಲೆಕ್ಕದ ತೊಡಕನ್ನೂ ತಂದಿತು. ಜೋಡಿಯಲ್ಲಿ ಒಂದು ಸತ್ತರೆ ಉಳಿದದ್ದಕ್ಕೆ ಹೊಸ ಜೊತೆ ತರಬೇಕು, ಮೊದಲಿನದು ಸತ್ತಾಗ ಆ ಹೊಸದಕ್ಕೆ ಮತ್ತೊಂದು, ಹೀಗೆ ಸಾಕುವವರಿಗೆ ಮುಕ್ತಿಯೇ ಇಲ್ಲ. ಅದಕ್ಕೆಂದೇ ಅಲ್ಲಿ ವಯಸ್ಸಾದ ಗಿನಿಪಿಗ್‌ಗೆ ಅದರ ಆಯುಷ್ಯ ಇರುವಷ್ಟು ಕಾಲ ಜೊತೆಗಾರನನ್ನು ಬಾಡಿಗೆಗೆ ಕೊಡುವವರು ಹುಟ್ಟಿಕೊಂಡರು. ಉಳಿದದ್ದು ಗಂಡಾಗಿದ್ದರೆ, ಅನುಭವಸ್ಥ ಸಾಕಣೆದಾರರು ಅದರ ಓರಗೆಯ ಇನ್ನೊಂದು ಗಂಡನ್ನು ತರುವುದಿಲ್ಲ. ತಾಯಿಯಿಂದ ಆಗತಾನೇ ಬೇರೆಯಾದ ಗಂಡುಮರಿಯನ್ನು ತರುತ್ತಾರೆ. ಮುದಿಯ ಬೆನ್ನ ಹಿಂದೆಯೇ ಅದು ಓಡಾಡುತ್ತದೆ, ಮುದಿ ಗುರುಗುಟ್ಟಿದರೆ ಬದಿಗೆ ಸರಿಯುತ್ತದೆ, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಬಂದು ಅದರ ಹೊಟ್ಟೆಯ ಬಳಿ ಮಲಗುತ್ತದೆ.